ಅಪ್ಪನ ಮನೆಗೆ ಹೋಗದೆಯೂ

ತಮ್ಮಾ,

ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ನೌಕರಿ ಹಿಡಿದು, ಅವ್ವನನ್ನೂ ಅಲ್ಲಿಗೇ ಕರೆಸಿಕೊಂಡ ಮೇಲೆ ನೀನು ಕಾಳಗಿ ಕಡೆ ತಲೆ ಹಾಕಿಲ್ಲ. ಅಪ್ಪ ಪರ್ಸಿ ಖಣಿಯ ಧೂಳು ಕುಡಿದು ದಮ್ಮು ಹಚ್ಚಿಕೊಂಡು ಒಬ್ಬನೇ ಕುಂತಾನೆ. ಅವನು ಕುಡಿದು ಬಂದು ಅವ್ವನ ಮೈಮೇಲೆ ಕೈ ಮಾಡಿದ ರಾತ್ರಿಗಳನ್ನು ಮರೆ ಎಂದು ನಾನು ಹೇಳುವುದಿಲ್ಲ. "ತಂದೆತಾಯಿಯನ್ನು ಸನ್ಮಾನಿಸು ಎಂಬ ಐದನೇ ಆಜ್ಞೆ ನನ್ನಂಥವರಿಗೂ ಐತೇನು ಕಾಕಾ?" ಎಂದು ಕೇಳಿದ್ದೀ. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದ ನಮ್ಮ ಹುಡುಗರಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡವರು ಕಡಿಮೆಯಿಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಐತಿ. ಆದರೆ ಸಭೆಯಲ್ಲಿ ಕೆಲವರು ಅದನ್ನು ಮಾಸ್ತರರ ಬೆತ್ತದಂತೆ ಎತ್ತುತ್ತಾರಲ್ಲ, ಹಾಗಲ್ಲ. ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಮಕ್ಕಳ ಪಾಲಿನ ಮಾತು ಮುಗಿಯುತ್ತಲೇ ಅವರು ಪುಸ್ತಕ ಮುಚ್ಚುತ್ತಾರೆ. ಮುಂದಿನ ವಚನದಲ್ಲೇ ಪೌಲ ತಂದೆಗಳ ಕಡೆ ತಿರುಗಿ, ಮಕ್ಕಳನ್ನು ಕೆರಳಿಸಬೇಡಿರೆಂದು ಎಚ್ಚರಿಸಿದ್ದಾನೆ. ಅದು ಯಾರ ಬಾಯಲ್ಲೂ ಬರುವುದಿಲ್ಲ! ಇನ್ನೊಂದು, ಆಜ್ಞೆಯಲ್ಲಿ ತಾಯಿಯೂ ಇದ್ದಾಳೆ. ಅವ್ವನನ್ನು ಹೊಡೆತದಿಂದ ಬಿಡಿಸಿ ಕರೆದೊಯ್ದ ದಿನ ನೀನು ಆಜ್ಞೆ ಪಾಲಿಸಿದೆ, ಮುರಿಯಲಿಲ್ಲ.

ಯೋನಾತಾನನನ್ನು ನೋಡು. ದಾವೀದನನ್ನು ಕೊಲ್ಲಲು ಹೊರಟ ಅಪ್ಪ ಸೌಲನಿಗೆ, ದಾವೀದನೇನು ಮಾಡಿದ್ದಾನೆಂದು ಎದುರಿಗೇ ಕೇಳಿದ. ಅಪ್ಪ ಈಟಿ ಎಸೆದ. ಮಗ ಉಣ್ಣದೆ ಪಂಕ್ತಿಯಿಂದ ಎದ್ದುಹೋಗಿ ಗೆಳೆಯನನ್ನು ಉಳಿಸಿದ. ಹಾಗೆ ಎದ್ದದ್ದು ತಪ್ಪೆಂದು ಸತ್ಯವೇದದಲ್ಲಿ ಎಲ್ಲೂ ಇಲ್ಲ. ಆದರೂ ಅವನು ಅಪ್ಪನ ವೈರಿಗಳ ಜೊತೆ ಸೇರಲಿಲ್ಲ. ಗಿಲ್ಬೋವದ ಯುದ್ಧದಲ್ಲಿ ಅಪ್ಪನ ಕಡೆಯೇ ನಿಂತು ಸತ್ತ. ನೀನು ಸಾಯಬೇಕಿಲ್ಲ, ತಮ್ಮಾ. ಊರ ಕಟ್ಟೆಯ ಮೇಲೆ ಅಪ್ಪನ ಮಾನ ಹರಾಜು ಹಾಕದಿದ್ದರೆ ಸಾಕು.

ಇನ್ನು ಮಾರ್ಕನ 7ನೇ ಅಧ್ಯಾಯ. ದೇವರಿಗೆ ಮುಡಿಪಿಟ್ಟೆವು ಎಂಬ ನೆಪ ಹೇಳಿ ಹೆತ್ತವರಿಗೆ ಕೊಡದೆ ಉಳಿಯಲು ದಾರಿ ಮಾಡಿಕೊಟ್ಟವರನ್ನು ಯೇಸು ಕಪಟಿಗಳೆಂದೇ ಕರೆದ. ಅಲ್ಲಿ ಸನ್ಮಾನವೆಂದರೆ ಕೈಮುಗಿಯುವುದಲ್ಲ, ಖರ್ಚು ಹೊರುವುದು. 2007ರ ಹಿರಿಯ ನಾಗರಿಕರ ಕಾಯ್ದೆಯೂ ಅದನ್ನೇ ಹೇಳುತ್ತದೆ: ದುಡಿದು ಬದುಕಲಾಗದ ತಂದೆತಾಯಿ ಮಕ್ಕಳಿಂದ ಜೀವನಾಂಶ ಕೇಳಬಹುದು, ತಿಂಗಳಿಗೆ 10,000 ರೂಪಾಯಿವರೆಗೆ. ಸೇಡಂನ ಉಪವಿಭಾಗಾಧಿಕಾರಿ ಕಚೇರಿಯವರೆಗೆ ಅದು ಹೋಗುವುದು ಬೇಡ.

ಅಪ್ಪನ ಕೈಗೆ ರೊಕ್ಕ ಕೊಡಬೇಡ. ಸೆರೆ ಅಂಗಡಿ ಸೇರುತ್ತದೆ. ಇಲ್ಲಿಯ ಮೆಡಿಕಲ್‌ನವನಿಗೆ ನೇರ ಫೋನ್‌ಪೇ ಮಾಡು. ದಮ್ಮಿನ ಪಂಪು, ಗುಳಿಗೆ ನಾನು ತಂದುಕೊಡುತ್ತೇನೆ. ರಾಶಿ ಮುಗಿದ ಮೇಲೆ ಒಂದು ಚೀಲ ಜ್ವಾಳ, ಒಂದಿಷ್ಟು ತೊಗರಿಬ್ಯಾಳಿ ಹಾಕಿಸೋಣ. ಯಾರು ಕಳಿಸಿದರೆಂದು ಕೇಳಿದರೆ ನಿನ್ನ ಹೆಸರು ಹೇಳಲೋ ಬೇಡವೋ, ಅವ್ವನನ್ನು ಕೇಳಿ ತಿಳಿಸು.

ಕ್ಷಮೆಯ ಮಾತಿಗೆ ಅವಸರವಿಲ್ಲ. ಪ್ರಾರ್ಥನೆಯಲ್ಲಿ ಸಿಟ್ಟನ್ನೂ ದೇವರ ಮುಂದಿಡು, ಕೀರ್ತನೆಗಾರರು ಇಟ್ಟಿದ್ದಾರೆ. ಅಪ್ಪನಿಗೆ ಫೋನ್ ಹಚ್ಚುವ ದಿನವನ್ನು ನೀನೇ ಗೊತ್ತು ಮಾಡು, ಸಭೆಯವರಲ್ಲ. ಮೆಡಿಕಲ್‌ನವನಿಗೆ ಮಾತ್ರ ಈ ಪಗಾರದಲ್ಲೇ ರೊಕ್ಕ ಹಾಕು.

ನಿನ್ನ ಕಾಕಾ,
ಕಾಳಗಿ