ಬಿಟ್ಟುಹೋದ ಅಪ್ಪಯ್ಯ ಈಗ ಆಸ್ಪತ್ರೆಯಲ್ಲಿದ್ದಾರೆ

ಪ್ರಶ್ನೆ: ನಮ್ಮೂರು ಕುಂದಾಪುರದ ಕಡೆ. ಮದುವೆಯಾಗಿ ಮುಂಬಯಿಯ ಪರೇಲಿಗೆ ಬಂದವಳು, ಈಗ ಐವತ್ತು ದಾಟಿದೆ. ಅಪ್ಪಯ್ಯ ಇಲ್ಲೇ ಲಾಲ್‌ಬಾಗ್‌ನ ಮಿಲ್ಲೊಂದರ ಎದುರಿನ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ನಾನು ಏಳು ವರ್ಷದವಳಿದ್ದಾಗ, ಮಿಲ್ ಮುಷ್ಕರದ ವರ್ಷ, ಮನಿಯಾರ್ಡರ್ ನಿಂತಿತು. ಆಮೇಲೆ ಕಾಗದವೂ ಇಲ್ಲ. ಅಮ್ಮ ಬೀಡಿ ಕಟ್ಟಿ ನನ್ನನ್ನೂ ತಮ್ಮನನ್ನೂ ಸಾಕಿದರು. ಸಾಯುವವರೆಗೂ ಕರಿಮಣಿ ತೆಗೆಯಲಿಲ್ಲ. ಈಗ ಸಂಬಂಧಿಕರೊಬ್ಬರು ಬಂದು, ‘ನಿನ್ನ ಅಪ್ಪಯ್ಯ ಕೆಇಎಂ ಆಸ್ಪತ್ರೆಯಲ್ಲಿದ್ದಾರೆ, ಜೊತೆಗೆ ಯಾರೂ ಇಲ್ಲ, ನಿನ್ನ ಹೆಸರು ಹೇಳುತ್ತಾರೆ’ ಎಂದರು. ನಡೆದು ಹೋಗುವಷ್ಟೇ ದೂರ, ಕಾಲೇ ಏಳುತ್ತಿಲ್ಲ. ಇದೇ ತಿಂಗಳು ಮಗಳು ಬೆಂಗಳೂರಿಗೆ ಕೆಲಸಕ್ಕೆ ಹೊರಟಿದ್ದಾಳೆ. ಅವಳು ಫೋನ್ ಎತ್ತದಿದ್ದರೆ ಎದೆ ಡವಗುಟ್ಟುತ್ತದೆ. ಮನೆಯಲ್ಲಿ ಯಾರು ಏನು ಕೇಳಿದರೂ ನಾನು ಇಲ್ಲ ಎಂದವಳಲ್ಲ. ಎಂದರೆ ನನ್ನನ್ನು ಬಿಟ್ಟುಬಿಡುತ್ತಾರೆ ಎಂಬ ಹೆದರಿಕೆ. ನಾನು ಹೋಗಬೇಕೇ? ಹೋಗದಿದ್ದರೆ ಪಾಪವೇ?
— ಹೆಸರು ಬೇಡ, ಪರೇಲ್

ಉತ್ತರ: ಅಕ್ಕಾ, ಹೋಗದಿದ್ದರೆ ಪಾಪವಿಲ್ಲ. ಹೋದರೆ ಎಲ್ಲವನ್ನೂ ಕ್ಷಮಿಸಿದಿರಿ ಎಂದೂ ಅಲ್ಲ. ಈ ಎರಡನ್ನೂ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಕಾಲು ಏಳದಿರುವುದು ಬಹುಶಃ ಇವೆರಡರ ನಡುವೆ ಸಿಕ್ಕಿಕೊಂಡು.

1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಶುರುವಾದ ಆ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಪಾಳಿ ಮುಗಿಸಿ ಚಹಾಕ್ಕೆ, ಊಟಕ್ಕೆ ಬರುತ್ತಿದ್ದವರೇ ಇಲ್ಲವಾದ ಮೇಲೆ ಗಿರಣಿ ಬಾಗಿಲಿನ ಹೋಟೆಲುಗಳ ಗತಿ ಏನಾಗಿರಬಹುದೆಂದು ನೀವೇ ಊಹಿಸಬಲ್ಲಿರಿ. ಊರಿಗೆ ಬರಿಗೈಯಲ್ಲಿ ಹೋಗಲು ಮುಖವಿಲ್ಲದೆ ಉಳಿದ ಗಂಡಸರ ಕಥೆ ಕರಾವಳಿಯ ಮನೆಮನೆಯಲ್ಲಿದೆ. ಆದರೂ ಒಂದು ಮಾತು ಹೇಳಲೇಬೇಕು. ಹಣ ನಿಂತದ್ದಕ್ಕೆ ಮುಷ್ಕರ ಕಾರಣವಿರಬಹುದು. ಕಾಗದ ನಿಂತದ್ದಕ್ಕೆ ಅಲ್ಲ. ಅಂಚೆ ಕಾರ್ಡಿಗೆ ದುಡ್ಡಿಲ್ಲದಷ್ಟು ಬಡತನ ಒಂದು ವರ್ಷ ಇರಬಹುದು, ನಲವತ್ತು ವರ್ಷ ಇರುವುದಿಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದು. ಅದನ್ನು ಅದುಮಿಕೊಂಡು ಆಸ್ಪತ್ರೆಗೆ ಹೋಗಬೇಡಿ.

ಸತ್ತವರಿಗೆ ತಿಥಿಯಿದೆ, ಅಳಲು ಒಂದು ದಿನವಿದೆ. ಬಿಟ್ಟುಹೋದವರಿಗೆ ಅದಿಲ್ಲ. ಅಮೆರಿಕದ ಪೌಲಿನ್ ಬಾಸ್ ಎಂಬ ಕುಟುಂಬ ಚಿಕಿತ್ಸಕಿ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರೊಡನೆ ಕೆಲಸ ಮಾಡುತ್ತಾ, ಸಾವೂ ಅಲ್ಲದ ಬದುಕೂ ಅಲ್ಲದ ಇಂಥ ನಷ್ಟವೇ ಮನಸ್ಸಿಗೆ ಅತಿ ಕಷ್ಟದ್ದು ಎಂದು ಕಂಡುಕೊಂಡರು. ನಿಮ್ಮ ಅಮ್ಮನ ಕರಿಮಣಿ ಅದೇ ನಷ್ಟ. ತೆಗೆದರೆ ಗಂಡನನ್ನು ತಾವೇ ಕೊಂದಂತೆ, ತೊಟ್ಟರೆ ನಿತ್ಯ ಕಾಯಬೇಕು. ದೊಡ್ಡವರು ಹಾಗೆ ಕಾಯುತ್ತಿರುವಾಗ ಮನೆಯ ಮಗು ಸುಮ್ಮನೆ ಕೂರುವುದಿಲ್ಲ. ತಾನೇನು ತಪ್ಪು ಮಾಡಿದೆ ಎಂದು ಹುಡುಕುತ್ತದೆ. ಸಿಗದಿದ್ದಾಗ, ಇನ್ನು ಮುಂದೆ ತಪ್ಪೇ ಮಾಡಬಾರದು ಎಂದು ನಿಶ್ಚಯಿಸುತ್ತದೆ. ಯಾರಿಗೂ ಇಲ್ಲ ಎನ್ನದ ನಿಮ್ಮ ಸ್ವಭಾವ ಒಳ್ಳೆಯತನವೇ ಇರಬಹುದು, ಆದರೆ ಅದರಲ್ಲೊಂದು ಪಾಲು ಬಾಡಿಗೆ ಕಟ್ಟಿದಂತೆ: ತಪ್ಪಿದರೆ ಮನೆಯಿಂದ ಹೊರಹಾಕುತ್ತಾರೆ ಎಂಬ ಹೆದರಿಕೆಯಲ್ಲಿ ಏಳು ವರ್ಷದ ಹುಡುಗಿ ಇಂದಿಗೂ ತಿಂಗಳು ತಿಂಗಳು ಕಟ್ಟುತ್ತಿದ್ದಾಳೆ.

ಕರ್ಣನ ಬದುಕನ್ನು ನಾನು ಹೀಗೇ ಓದುತ್ತೇನೆ. ತಾಯಿ ನದಿಗೆ ಬಿಟ್ಟಳು ಎಂಬುದಷ್ಟೇ ಅವನ ದುಃಖವಲ್ಲ. ತುಂಬಿದ ಸಭೆಯಲ್ಲಿ ಮೊದಲು ಜಾಗ ಕೊಟ್ಟವನಿಗೆ ಅವನು ಎಂದೂ ಬೇಡ ಎನ್ನಲಾರದೆ ಹೋದ. ಆ ಕಡೆ ಧರ್ಮವಿಲ್ಲ ಎಂದು ಗೊತ್ತಿದ್ದೂ ಉಳಿದ. ಬಿಟ್ಟುಹೋದವರಿಗಿಂತ ಹೆಚ್ಚಾಗಿ, ಹಿಡಿದುಕೊಂಡವರ ಋಣ ಇಂಥವರನ್ನು ಕಟ್ಟಿಹಾಕುತ್ತದೆ. ಆದರೆ ಯುದ್ಧ ಹತ್ತಿರ ಬಂದಾಗ ಕುಂತಿ ಹುಡುಕಿಕೊಂಡು ಬಂದಳಲ್ಲ, ಆಗ ಅವನು ಮಾಡಿದ್ದನ್ನು ನೋಡಿ. ಅವಳನ್ನು ಅಟ್ಟಲಿಲ್ಲ, ಅವಳ ಹಿಂದೆ ಹೋಗಲೂ ಇಲ್ಲ. ಉಳಿದ ಮಕ್ಕಳ ಪ್ರಾಣದ ಬಗ್ಗೆ ಮಾತು ಕೊಟ್ಟ, ರಾಧೆಯ ಮಗನಾಗಿಯೇ ಉಳಿದ. ಕೇಳಿದಷ್ಟನ್ನೂ ಕೊಡದೆ, ತನ್ನಿಂದ ಆಗುವಷ್ಟನ್ನು ಕೊಟ್ಟು ಅದನ್ನು ನಡೆಸಿದ. ನಿಮಗೂ ಆ ದಾರಿ ಇದೆ.

ಆ ದಾರಿಯಲ್ಲಿ ನಡೆದವರು ದೂರದವರೇನಲ್ಲ. ನೀವು ಹೋಗಲು ಅಂಜುತ್ತಿರುವ ಅದೇ ಆಸ್ಪತ್ರೆಯಲ್ಲಿ ಅರುಣಾ ಶಾನಭಾಗ ಮಲಗಿದ್ದರು. ಹೊನ್ನಾವರ ತಾಲ್ಲೂಕಿನ ಹಳದೀಪುರದ ಹುಡುಗಿ, ಕೆಇಎಂನಲ್ಲೇ ನರ್ಸ್. 1973ರ ನವೆಂಬರ್ 27ರಂದು ಆಸ್ಪತ್ರೆಯ ಕೆಲಸಗಾರನೊಬ್ಬ ನಡೆಸಿದ ದೌರ್ಜನ್ಯದಲ್ಲಿ ಅವರ ಮಿದುಳಿಗೆ ಹಾನಿಯಾಯಿತು. ಆಗ ಅವರಿಗೆ 25. ಮತ್ತೆ ಮಾತಾಡಲಿಲ್ಲ, ಎದ್ದು ನಡೆಯಲಿಲ್ಲ. ಮದುವೆ ನಿಶ್ಚಯವಾಗಿದ್ದ ಡಾಕ್ಟರು ಕೆಲವು ವರ್ಷ ಬಂದು ಕೂತು, ಕೊನೆಗೆ ಬೇರೆ ಮದುವೆಯಾದರು. ಬಂಧುಗಳು ಬರುವುದು ಕಡಿಮೆಯಾಯಿತು, ನಿಂತಿತು. ಅವರನ್ನು ಕಲ್ಲುಹೃದಯದವರು ಎನ್ನಲು ನನಗೆ ಮನಸ್ಸಿಲ್ಲ. ಬಡ ಮನೆಯೊಂದು ಒಂಟಿಯಾಗಿ ಹೊರುವ ಭಾರ ಅದಾಗಿರಲಿಲ್ಲ. ಹೊತ್ತವರು ನರ್ಸ್‌ಗಳು. ನಾಲ್ಕನೇ ವಾರ್ಡಿಗೆ ಸೇರಿದ ಕೋಣೆಯಲ್ಲಿ ತಿನ್ನಿಸಿದರು, ತೊಳೆದರು, ಮಗ್ಗುಲು ತಿರುಗಿಸಿದರು, ಹುಟ್ಟುಹಬ್ಬ ಮಾಡಿದರು. ಬೇರೆಡೆಗೆ ಸಾಗಿಸುವ ಯತ್ನವಾದಾಗ ಜಗಳಕ್ಕೆ ನಿಂತರು. ಅಷ್ಟು ವರ್ಷ ಮಲಗಿದ ಮೈಯಲ್ಲಿ ಹಾಸಿಗೆ ಹುಣ್ಣಿಲ್ಲದ್ದು ಸುಪ್ರೀಂ ಕೋರ್ಟಿನವರೆಗೆ ಮಾತಾಯಿತು. ದಯಾಮರಣ ಕೋರಿ ಪತ್ರಕರ್ತೆ ಪಿಂಕಿ ವಿರಾನಿ ಹಾಕಿದ ಅರ್ಜಿಯನ್ನು 2011ರ ಮಾರ್ಚ್ 7ರಂದು ತಳ್ಳಿಹಾಕಿದ ನ್ಯಾಯಾಲಯ, ಅರುಣಾ ಪರವಾಗಿ ಮಾತಾಡುವ ಹಕ್ಕು ಹಗಲಿರುಳು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೆ ಸೇರಿದ್ದು ಎಂದಿತು. 2015ರ ಮೇ 18ರಂದು ಅವರು ತೀರಿಕೊಂಡಾಗ, ಘಟನೆ ನಡೆದ ಕಾಲಕ್ಕೆ ಹುಟ್ಟಿಯೇ ಇರದ ನರ್ಸ್‌ಗಳು ಅತ್ತರು.

ನಲವತ್ತೊಂದೂವರೆ ವರ್ಷ ಅದು ಹೇಗೆ ಸಾಧ್ಯವಾಯಿತು? ಆ ಹೆಣ್ಣುಮಕ್ಕಳ ದೊಡ್ಡ ಮನಸ್ಸು ನಿಜ. ಇನ್ನೊಂದೂ ಇದೆ: ಅವರು ಪಾಳಿಯಲ್ಲಿ ಮಾಡಿದರು. ಒಬ್ಬಳು ತನ್ನ ಹೊತ್ತು ಮುಗಿಸಿ ಇನ್ನೊಬ್ಬಳಿಗೆ ಒಪ್ಪಿಸಿ ಮನೆಗೆ ಹೋದಳು. ಯಾರೊಬ್ಬರೂ ಪೂರ್ತಿ ಹೊರಲಿಲ್ಲ, ಆದ್ದರಿಂದ ಯಾರೂ ಬಿಟ್ಟು ಓಡಬೇಕಾಗಲಿಲ್ಲ.

ನೀವೂ ಹೋಗುವುದಾದರೆ ಪಾಳಿಯ ಲೆಕ್ಕದಲ್ಲಿ ಹೋಗಿ. ವಾರಕ್ಕೆ ಒಂದು ಸಂಜೆ, ಅರ್ಧ ಗಂಟೆ. ಅದು ನಡೆಸಲು ಆಗುವಷ್ಟೇ ಇರಲಿ. ಉತ್ಸಾಹದಲ್ಲಿ ಮನೆಗೇ ಕರೆತರುತ್ತೇನೆ ಎನ್ನಬೇಡಿ, ಆಗದೆ ಹೋದರೆ ಬಿಡುವ ಸರದಿ ನಿಮ್ಮದಾಗುತ್ತದೆ, ಅದನ್ನು ನೀವು ತಾಳಲಾರಿರಿ. ಮೊದಲ ಸಲ ಯಜಮಾನರೋ ತಮ್ಮನೋ ಜೊತೆಗಿರಲಿ. ಮೊದಲು ವಾರ್ಡಿನ ಸಿಸ್ಟರ್ ಹತ್ತಿರ ಮಾತಾಡಿ, ಆಸ್ಪತ್ರೆಯ ಸಮಾಜ ಸೇವಾ ವಿಭಾಗದವರನ್ನು ಕಾಣಿ. ಔಷಧದ ಖರ್ಚು, ಬಿಡುಗಡೆಯಾದ ಮೇಲಿನ ವ್ಯವಸ್ಥೆಯ ಬಗ್ಗೆ ಅವರನ್ನು ಕೇಳಬಹುದು. ಹಿರಿಯರಿಗಾಗಿ 14567 ಎಂಬ ಸಹಾಯವಾಣಿಯೂ ಇದೆ. ಯಾಕೆ ಬರೆಯಲಿಲ್ಲ ಎಂದು ಕೇಳಬೇಕೆನಿಸಿದರೆ ಕೇಳಿ. ಬಹಳ ಸಣ್ಣ ಉತ್ತರ ಬರಬಹುದು, ಅಥವಾ ಬರೀ ಅಳು. ಅಮ್ಮನ ಬೀಡಿ ಎಲೆಗಳಿಗೆ ಸಮನಾದ ಉತ್ತರ ಅವರಲ್ಲಿ ಇರಲಾರದು. ಹೋಗುವುದೇ ಬೇಡವೆನಿಸಿದರೆ, ಸಂಬಂಧಿಕರ ಮೂಲಕ ಹಣ್ಣೋ ಔಷಧವೋ ಕಳಿಸಿ, ಅಲ್ಲಿಗೆ ನಿಲ್ಲಿಸಿ. ಅದೂ ನಿಮ್ಮ ಪಾಳಿಯೇ.

ಮಗಳ ವಿಷಯ. ಅವಳು ಹೇಳಿ ಹೋಗುತ್ತಿದ್ದಾಳೆ, ವಿಳಾಸ ಕೊಟ್ಟು ಹೋಗುತ್ತಿದ್ದಾಳೆ. ಅಪ್ಪಯ್ಯನ ಹೋಗುವಿಕೆಗೂ ಇದಕ್ಕೂ ಇರುವ ಈ ವ್ಯತ್ಯಾಸ ನಿಮ್ಮ ಬುದ್ಧಿಗೆ ಗೊತ್ತು, ಎದೆಗೆ ಇನ್ನೂ ಗೊತ್ತಿಲ್ಲ. ಅಜ್ಜನ ಕಥೆಯನ್ನು ಅವಳಿಗೆ ಪೂರ್ತಿ ಹೇಳಿ; ನಿಮ್ಮ ಫೋನುಗಳ ಹಿಂದೆ ಏನಿದೆ ಎಂದು ತಿಳಿಯದಿದ್ದರೆ ಅವಳಿಗದು ಬರೀ ಕಾಟವೆನಿಸೀತು. ಇಬ್ಬರೂ ಸೇರಿ ಮಾತಿನ ಹೊತ್ತು ಗೊತ್ತುಮಾಡಿ, ರಾತ್ರಿ ಊಟವಾದ ಮೇಲೆ ಎಂದಿಟ್ಟುಕೊಳ್ಳಿ. ನಡುವೆ ಎದೆ ಹೊಡೆದುಕೊಂಡರೂ ನಂಬರ್ ಒತ್ತಬೇಡಿ, ಆ ಹೊತ್ತಿನವರೆಗೆ ಕಾಯಿರಿ. ಮೊದಲ ಕೆಲವು ದಿನ ಬಹಳ ಕಷ್ಟವಾಗುತ್ತದೆ. ಜೊತೆಗೆ ಮನೆಯಲ್ಲಿ ವಾರಕ್ಕೊಮ್ಮೆ ಯಾವುದಾದರೂ ಸಣ್ಣ ವಿಷಯಕ್ಕೆ ‘ಇವತ್ತು ನನ್ನಿಂದ ಆಗುವುದಿಲ್ಲ’ ಎಂದು ಹೇಳಿ ನೋಡಿ. ನಿದ್ದೆ ಬಾರದೆ, ಊಟ ಸೇರದೆ ಎರಡು ವಾರ ಕಳೆದರೆ ಕೆಇಎಂನಲ್ಲೇ ಮನೋವೈದ್ಯ ವಿಭಾಗವಿದೆ. ನಡುರಾತ್ರಿ ಯಾರೊಡನಾದರೂ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹೋದಿರೋ ಬಿಟ್ಟಿರೋ, ನನಗೆ ಮತ್ತೆ ಬರೆಯಿರಿ.