ಕಾಲೇಜಿನ ಹೆಸರಿಗೆ ಎಷ್ಟು ಬೆಲೆ ಕೊಡಬೇಕು?

ಹೆಸರಾಂತ ಇಂಜಿನಿಯರಿಂಗ್ ಕಾಲೇಜಿನ ಬೆಲೆ, ಸೀಟು ಯಾವ ದಾರಿಯಲ್ಲಿ ಸಿಕ್ಕಿತು ಎಂಬುದರ ಮೇಲೆ ನಿಂತಿದೆ. ಒಂದೇ ಬೆಂಚಿನಲ್ಲಿ ಸಿಇಟಿಯವರು, ಕಾಮೆಡ್‌-ಕೆಯವರು, ಮ್ಯಾನೇಜ್‌ಮೆಂಟ್ ಕೋಟಾದವರು ಕೂತಿರುತ್ತಾರೆ. ಪಾಠ ಒಂದೇ, ಪದವಿ ಒಂದೇ, ಶುಲ್ಕ ಮಾತ್ರ ಹಲವು ಪಟ್ಟು ಬೇರೆ. ಸಿಇಟಿ ರ್‍ಯಾಂಕಿಗೆ ಅಂಥ ಸೀಟು ಸಿಕ್ಕರೆ ಬಿಡಬಾರದು. ಅದೇ ಹೆಸರಿಗಾಗಿ ಮನೆ ಅಡವಿಡುವುದು ತಪ್ಪು.

ಬೆಂಗಳೂರಿನ ಗೋವಿಂದರಾಜನಗರದ ಮಕ್ಕಳಿಗೆ ಆಯ್ಕೆಗಳು ಹತ್ತಿರದಲ್ಲೇ ಇವೆ. ಮೈಸೂರು ರಸ್ತೆಯಲ್ಲಿ 1963ರ ಆರ್.ವಿ. ಕಾಲೇಜು, ಮಲ್ಲತ್ತಹಳ್ಳಿಯಲ್ಲಿ 1980ರ ಡಾ. ಅಂಬೇಡ್ಕರ್ ತಾಂತ್ರಿಕ ಮಹಾವಿದ್ಯಾಲಯ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1917ರಲ್ಲಿ ಆರಂಭವಾದ ಯುವಿಸಿಇ ಕೆ.ಆರ್. ವೃತ್ತದಲ್ಲಿದೆ, ವಿಜಯನಗರದಿಂದ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ರೈಲು ಬದಲಿಸುವ ಗೋಜಿಲ್ಲ. ಸರ್ಕಾರಿ ಸಂಸ್ಥೆಯಾದ್ದರಿಂದ ಶುಲ್ಕವೂ ಹಗುರ.

ಅಮೆರಿಕದಲ್ಲಿ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನೆಯುವಂಥದ್ದು. ಪ್ರತಿಷ್ಠಿತ ಕಾಲೇಜಿನಲ್ಲಿ ಸೀಟು ಸಿಕ್ಕೂ ಬೇರೆಡೆ ಓದಿದವರ ಗಳಿಕೆ, ಅಲ್ಲೇ ಓದಿದವರಿಗಿಂತ ಹೆಚ್ಚೇನೂ ಕಡಿಮೆಯಿರಲಿಲ್ಲ. ಬಡ ಕುಟುಂಬದ ಮಕ್ಕಳಿಗೆ ಮಾತ್ರ ಅಂಥ ಕಾಲೇಜಿನಿಂದ ಲಾಭ ಎದ್ದು ಕಂಡಿತು. ಪರಿಚಯಸ್ಥರ ಬಲವಿಲ್ಲದ ಮನೆಯ ಮಗು ಇಲ್ಲಿಯೂ ಉತ್ತಮ ಕಾಲೇಜನ್ನು ಹಿಂಜರಿಕೆಯಿಲ್ಲದೆ ಕೇಳಬೇಕು.

ಕಾಲೇಜಿಗೆ ಹೋದಾಗ ಫ್ಲೆಕ್ಸ್‌ನಲ್ಲಿರುವ ಅತಿ ಹೆಚ್ಚಿನ ಪ್ಯಾಕೇಜು ಬಿಟ್ಟು, ಬೇಕಾದ ಬ್ರಾಂಚಿನಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ನಡುವಿನ ವಿದ್ಯಾರ್ಥಿಯ ಸಂಬಳ ಎಷ್ಟು ಎಂದು ಕೇಳಬೇಕು. ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಸಿಗುವುದು ಬ್ರಾಂಚಿಗೆ, ಇಡೀ ಕಾಲೇಜಿಗಲ್ಲ. ಕೊನೆಗೆ ಸಿಇಟಿಯ ಆಪ್ಷನ್ ಎಂಟ್ರಿಯಲ್ಲಿ ನಿಜವಾದ ಇಷ್ಟದ ಕ್ರಮವನ್ನೇ ಬರೆಯಬೇಕು, ಏಕೆಂದರೆ ಸೀಟು ಹಂಚಿಕೆ ಪಟ್ಟಿಯ ಮೇಲಿನಿಂದಲೇ ಶುರುವಾಗುತ್ತದೆ.