ಬಿಸಿಲನಾಡಿಗೆ ಒಗ್ಗುವ ತೋಟದ ಗಿಡಗಳು

ರಾಯಚೂರಿನ ಬೇಸಗೆಯನ್ನು ಒಮ್ಮೆ ಅನುಭವಿಸಿದವರಿಗೆ ಅದರ ವರ್ಣನೆ ಬೇಕಾಗಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಉಷ್ಣತೆ ೪೦ ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು ಇಲ್ಲಿ ವಿಶೇಷವೇನಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುತ್ತಿದ್ದರೂ ನಡುವಿನ ಈ ದೋಆಬಿನ ಊರುಗಳಲ್ಲಿ ಬೇಸಗೆಯ ನೀರು ತೂಕ ಮಾಡಿ ಬಳಸಬೇಕಾದ ವಸ್ತು. ಇಂತಹ ನಾಡಿನಲ್ಲಿ ಮನೆಯ ಮುಂದೆ, ಶಾಲೆಯ ಅಂಗಳದಲ್ಲಿ ಹಸುರನ್ನು ಬೆಳೆಸಬೇಕೆಂಬ ಆಸೆ ತಪ್ಪೆ? ತಪ್ಪಲ್ಲ. ಆದರೆ ಯಾವ ಗಿಡವನ್ನು ನೆಡಬೇಕೆಂಬುದನ್ನು ನಾವು ವಿಚಾರ ಮಾಡಿ ನಿರ್ಧರಿಸಬೇಕು.

ಈ ಪಾಠವನ್ನು ನಾವು ಕಲಿತುದು ಸೋತ ಮೇಲೆ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಸೇರಿ ಕಾಲೇಜಿನ ಅಂಗಳದಲ್ಲಿ ಒಂದು ತೋಟವನ್ನು ಮಾಡಿದೆವು. ಬೆಂಗಳೂರಿನ ಲಾಲ್‌ಬಾಗನ್ನು ಆಗತಾನೆ ನೋಡಿಬಂದ ಉತ್ಸಾಹ ನಮ್ಮಲ್ಲಿತ್ತು. ನಡುವೆ ಹುಲ್ಲುಹಾಸು, ಸುತ್ತಲೂ ಬಣ್ಣಬಣ್ಣದ ಕ್ರೋಟನ್, ನೆರಳಿರುವಲ್ಲಿ ಜರೀಗಿಡಗಳು. ಚಳಿಗಾಲ ಮುಗಿಯುವವರೆಗೆ ಎಲ್ಲವೂ ಚೆನ್ನಾಗಿತ್ತು. ಬೇಸಗೆಯ ರಜೆ ಕಳೆದು ಹಿಂದಿರುಗಿದಾಗ ಹುಲ್ಲು ಒಣಗಿ ಚಾಪೆಯಂತಾಗಿತ್ತು, ಕ್ರೋಟನ್ ಕಡ್ಡಿಯಾಗಿತ್ತು. ಉಳಿದಿದ್ದವು ಮೂರೇ: ತಾನಾಗಿ ಹುಟ್ಟಿದ್ದ ಒಂದು ಬೇವಿನ ಸಸಿ, ಮೂಲೆಯ ಕಣಗಿಲೆ, ಗೋಡೆಗೆ ಹಬ್ಬಿದ್ದ ಬೋಗನ್‌ವಿಲ್ಲಾ. ನೀರು ಹಾಕಲಿಲ್ಲವೇಕೆಂದು ಕಾವಲುಗಾರರನ್ನು ನಾವು ಗದರಿಸಿದೆವು. ಆ ಹಿರಿಯರು ಶಾಂತವಾಗಿ, “ಕುಡ್ಯಾಕ ನೀರಿಲ್ಲರೀ ಸರ, ಹುಲ್ಲಿಗೆ ಎಲ್ಲಿಂದ ತರ್ಲಿ?” ಎಂದರು. ಅಂದು ರಾತ್ರಿ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದಾಗ, ಸರಿ ಇದ್ದುದು ಅವರ ಮಾತೇ ಎಂದು ನಮಗೆ ತಿಳಿಯಿತು.

೧. ಹುಲ್ಲುಹಾಸಿನ ಲೆಕ್ಕ

ಬೇಸಗೆಯ ಒಂದು ದಿನ ಒಂದು ಚದರ ಮೀಟರ್ ನೆಲದ ಮೇಲೆ ಬೀಳುವ ಸೂರ್ಯಶಕ್ತಿ ಸ್ಥೂಲವಾಗಿ ೨೨೦ ಲಕ್ಷ ಜೌಲ್ ಎಂದಿಟ್ಟುಕೊಳ್ಳೋಣ. ೪೦ ಡಿಗ್ರಿಯ ಆಸುಪಾಸಿನಲ್ಲಿ ಒಂದು ಲೀಟರ್ ನೀರು ಆವಿಯಾಗಲು ಸುಮಾರು ೨೪ ಲಕ್ಷ ಜೌಲ್ ಶಾಖ ಬೇಕು. ಇದೇ ನಾವು ಪಾಠದಲ್ಲಿ ಓದುವ ಗುಪ್ತೋಷ್ಣ. ಚೆನ್ನಾಗಿ ನೀರುಣಿಸಿದ ಹುಲ್ಲು ಬಿದ್ದ ಶಕ್ತಿಯ ಮೂರನೆಯ ಎರಡು ಭಾಗವನ್ನು ನೀರನ್ನು ಆವಿ ಮಾಡುವುದರಲ್ಲಿಯೇ ವೆಚ್ಚ ಮಾಡುತ್ತದೆಂದರೆ, ಚದರ ಮೀಟರಿಗೆ ದಿನವೊಂದಕ್ಕೆ ಸುಮಾರು ೬ ಲೀಟರ್ ನೀರು ಹೋಗುತ್ತದೆ. ನಮ್ಮ ಹುಲ್ಲುಹಾಸು ೧೦೦ ಚದರ ಮೀಟರ್ ಇದ್ದಿತು. ಹಾಗಾದರೆ ದಿನಕ್ಕೆ ೬೦೦ ಲೀಟರ್. ಹದಿನೈದು ಲೀಟರ್ ಹಿಡಿಯುವ ಕೊಡದಲ್ಲಿ ಅಳೆದರೆ ೪೦ ಕೊಡ! ಒಣಗಾಳಿ ತನ್ನೊಡನೆ ಹೊತ್ತು ತರುವ ಶಾಖವನ್ನು ನಾವು ಇದರಲ್ಲಿ ಸೇರಿಸಿಯೇ ಇಲ್ಲ.

ನಗರಗಳ ನೀರು ಪೂರೈಕೆಯನ್ನು ಯೋಜಿಸುವಾಗ ತಲೆಗೆ ದಿನಕ್ಕೆ ೧೩೫ ಲೀಟರ್ ಎಂಬ ಪ್ರಮಾಣವನ್ನು ನಮ್ಮ ದೇಶದಲ್ಲಿ ಹಿಡಿಯುತ್ತಾರೆ. ಅಂದರೆ ಆ ಸಣ್ಣ ಹುಲ್ಲುಹಾಸು ನಾಲ್ಕು ಜನರ ಪಾಲಿಗಿಂತ ಹೆಚ್ಚು ನೀರನ್ನು ಕುಡಿಯುತ್ತಿತ್ತು. ತೋಟದ ಗಿಡವನ್ನು ಆಯುವುದು ಕೇವಲ ಅಂದಚೆಂದದ ಪ್ರಶ್ನೆಯಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ.

೨. ಗಾಳಿಯ ದಾಹ

ಮಂಗಳೂರಿನಲ್ಲಿಯೂ ಸೆಖೆ ಉಂಟು. ಅಲ್ಲಿ ಗಿಡಗಳು ಸೊಂಪಾಗಿ ಬೆಳೆಯುತ್ತವೆ. ಇಲ್ಲೇಕೆ ಹಾಗಿಲ್ಲ? ಮಳೆಯ ವ್ಯತ್ಯಾಸವೊಂದೇ ಕಾರಣವಲ್ಲ. ಗಾಳಿಯು ನೀರನ್ನು ಎಷ್ಟು ಬಲವಾಗಿ ಎಳೆಯುತ್ತದೆಂಬುದು ಅದರ ಉಷ್ಣತೆ, ಆರ್ದ್ರತೆ ಇವೆರಡನ್ನೂ ಅವಲಂಬಿಸಿದೆ. ೪೦ ಡಿಗ್ರಿಯಲ್ಲಿ ಸಂತೃಪ್ತ ಆವಿಯ ಒತ್ತಡ ಪಾದರಸದ ೫೫ ಮಿಲಿಮೀಟರ್. ರಾಯಚೂರಿನ ಒಂದು ಬೇಸಗೆಯ ಮಧ್ಯಾಹ್ನ ಸಾಪೇಕ್ಷ ಆರ್ದ್ರತೆ ನೂರಕ್ಕೆ ೨೫ ಇದ್ದರೆ, ಗಾಳಿಯಲ್ಲಿ ನಿಜವಾಗಿ ಇರುವ ಆವಿಯ ಒತ್ತಡ ೧೪ ಮಿಲಿಮೀಟರ್ ಮಾತ್ರ. ಕೊರತೆ ೪೧ ಮಿಲಿಮೀಟರ್. ಕರಾವಳಿಯಲ್ಲಿ ೩೩ ಡಿಗ್ರಿ ಉಷ್ಣತೆ, ನೂರಕ್ಕೆ ೭೦ ಆರ್ದ್ರತೆ ಇರುವ ಮಧ್ಯಾಹ್ನವನ್ನು ತೆಗೆದುಕೊಂಡರೆ ಸಂತೃಪ್ತ ಒತ್ತಡ ೩೮, ಕೊರತೆ ಸುಮಾರು ೧೧. ಉಷ್ಣತೆಯ ಅಂತರ ಏಳೇ ಡಿಗ್ರಿ. ಗಾಳಿಯ ದಾಹದಲ್ಲಿ ಮಾತ್ರ ಸುಮಾರು ನಾಲ್ಕು ಪಟ್ಟು ಅಂತರ! ಕರಾವಳಿಗಾಗಲಿ, ಸಮುದ್ರಮಟ್ಟದಿಂದ ೯೦೦ ಮೀಟರ್ ಎತ್ತರದ ತಂಪು ಬೆಂಗಳೂರಿಗಾಗಲಿ ಒಪ್ಪುವ ಗಿಡಗಳ ಪಟ್ಟಿಯನ್ನು ಇಲ್ಲಿಗೆ ಎತ್ತಿ ತರಲಾಗದು.

ನೀರು ಹೋಗುವುದು ಎಲೆಯ ಮೇಲಿನ ಪತ್ರರಂಧ್ರಗಳೆಂಬ ಕಿರುಬಾಯಿಗಳ ಮೂಲಕ. ಅವನ್ನು ಮುಚ್ಚಿಯೇ ಬಿಡಬಾರದೆ ಎಂದು ಕೇಳಬಹುದು. ಆಹಾರವನ್ನು ತಯಾರಿಸಲು ಬೇಕಾದ ಇಂಗಾಲಾಮ್ಲ ವಾಯು ಒಳಗೆ ಬರುವುದೂ ಅದೇ ಬಾಯಿಯಿಂದ. ತೆರೆದರೆ ಬಾಯಾರಿಕೆ, ಮುಚ್ಚಿದರೆ ಹಸಿವು. ಈ ಇಕ್ಕಟ್ಟಿನಿಂದ ಪಾರಾಗಲು ಬಿಸಿಲನಾಡಿನ ಗಿಡಗಳು ನಾನಾ ಉಪಾಯಗಳನ್ನು ಕಂಡುಕೊಂಡಿವೆ.

೩. ಗಿಡಗಳ ಉಪಾಯಗಳು

ಮೊದಲನೆಯದು ಎಲೆಯ ಗಾತ್ರ. ಎಲೆಗೆ ಅಂಟಿಕೊಂಡಂತೆ ಗಾಳಿಯ ಒಂದು ತೆಳುಪದರವಿರುತ್ತದೆ. ಶಾಖ ಅದನ್ನು ದಾಟಿ ಹೊರಗೆ ಹೋಗಬೇಕು. ಎಲೆ ಅಗಲವಾದಷ್ಟೂ ಪದರ ದಪ್ಪ. ಬೀಸುಗಾಳಿಯಲ್ಲಿ ಎಲೆಯು ಶಾಖವನ್ನು ಕಳೆದುಕೊಳ್ಳುವ ಶಕ್ತಿ ಅದರ ಅಗಲದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ೨೫ ಸೆಂಟಿಮೀಟರ್ ಅಗಲದ ಎಲೆಗಿಂತ ಒಂದು ಸೆಂಟಿಮೀಟರ್ ಅಗಲದ ಕಿರುಎಲೆ, ಅಷ್ಟೇ ವಿಸ್ತೀರ್ಣಕ್ಕೆ, ಐದು ಪಟ್ಟು ಸುಲಭವಾಗಿ ತನ್ನ ಶಾಖವನ್ನು ಗಾಳಿಗೆ ಒಪ್ಪಿಸುತ್ತದೆ. ಅದು ತಣ್ಣಗಿರಲು ನೀರನ್ನು ವೆಚ್ಚ ಮಾಡಬೇಕಾದುದು ಕಡಮೆ. ಹುಣಸೆ, ಬನ್ನಿ, ಜಾಲಿಗಳ ಎಲೆ ಏಕೆ ಅಷ್ಟು ಪುಟ್ಟದಾಗಿ ಒಡೆದಿದೆ ಎಂಬುದಕ್ಕೆ ಭೌತಶಾಸ್ತ್ರದ ಉತ್ತರವಿದು.

ಎರಡನೆಯದು ಮರೆ. ಕಣಗಿಲೆಯ ಎಲೆಯ ಕೆಳಬದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪತ್ರರಂಧ್ರಗಳು ಮೇಲ್ಮೈಯಲ್ಲಿಲ್ಲ. ರೋಮಗಳು ತುಂಬಿದ ಸಣ್ಣ ಗುಳಿಗಳೊಳಗೆ ಅಡಗಿವೆ. ಗುಳಿಯೊಳಗಿನ ಗಾಳಿ ತೇವವಾಗಿಯೇ ಉಳಿಯುವುದರಿಂದ ಹೊರಗಿನ ಒಣಗಾಳಿ ನೇರವಾಗಿ ಹೀರಲಾರದು.

ಮೂರನೆಯದು ಸಮಯದ ಆಯ್ಕೆ. ಲೋಳೆಸರ, ಕತ್ತಾಳೆ, ಪಾಪಾಸುಕಳ್ಳಿ ಇವು ಬಾಯಿ ತೆರೆಯುವುದು ಮುಖ್ಯವಾಗಿ ರಾತ್ರಿಯಲ್ಲಿ. ಆಗ ಇಂಗಾಲಾಮ್ಲ ವಾಯುವನ್ನು ಹೀರಿ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಾಯಿ ಮುಚ್ಚಿಕೊಂಡೇ ಬಿಸಿಲಿನಲ್ಲಿ ಅದನ್ನು ಬಳಸುತ್ತವೆ. ೨೭ ಡಿಗ್ರಿ ಉಷ್ಣತೆ, ನೂರಕ್ಕೆ ೪೫ ಆರ್ದ್ರತೆಯ ರಾತ್ರಿಯಲ್ಲಿ ಆವಿಯ ಕೊರತೆ ೧೫ ಮಿಲಿಮೀಟರ್. ಹಗಲಿನ ೪೧ಕ್ಕೆ ಹೋಲಿಸಿದರೆ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ.

ನಾಲ್ಕನೆಯದು ತ್ಯಾಗ. ದೇವಕಣಗಿಲೆ, ಸೀತಾಫಲ ಇವು ಒಣಗಾಲದಲ್ಲಿ ಎಲೆಗಳನ್ನೇ ಉದುರಿಸಿ ಬಿಡುತ್ತವೆ. ಬೋಳಾದ ಗಿಡವನ್ನು ಕಂಡು ಸತ್ತಿತೆಂದು ಕಿತ್ತುಹಾಕುವವರುಂಟು. ತೊಗಟೆಯನ್ನು ಉಗುರಿನಿಂದ ಕೊಂಚ ಕೆರೆದು ನೋಡಬೇಕು. ಒಳಗೆ ಹಸುರಿದ್ದರೆ ಅದು ಮಳೆಗಾಗಿ ಕಾದು ಕುಳಿತಿದೆಯೆಂದರ್ಥ. ಐದನೆಯದು ಬೇರಿನ ಆಳ. ಹುಲ್ಲಿನ ಬೇರು ಬೇಗ ಒಣಗುವ ಮೇಲ್ಪದರದಲ್ಲಿಯೇ ಹೆಚ್ಚಾಗಿ ಹರಡಿರುತ್ತದೆ. ಬೇವಿನ ಬೇರು ಆಳಕ್ಕೆ ಇಳಿದು, ಮೇಲಿನ ಮಣ್ಣು ಒಣಗಿದ ಮೇಲೂ ಕೆಳಗಿನ ತೇವವನ್ನು ತಲಪುತ್ತದೆ. ಆದುದರಿಂದಲೇ ಅದು ಮೇ ತಿಂಗಳಿನಲ್ಲಿ ತನ್ನ ಎಳೆ ಎಲೆಗಳ ನೆರಳನ್ನು ನಮಗೆ ಕೊಡಬಲ್ಲುದು.

೪. ಕಾಲ ಕೆಳಗಿನ ನೆಲ

ನಮ್ಮ ಜಿಲ್ಲೆಯಲ್ಲಿ ಎರೆಭೂಮಿಯೂ ಉಂಟು, ಕೆಂಪು ಮಸಾರಿಯೂ ಉಂಟು. ಎರೆಮಣ್ಣಿನ ಕಣ ಬಹಳ ನುಣುಪು. ಅದು ನೀರನ್ನು ಬಹಳವಾಗಿ ಹಿಡಿದಿಡುತ್ತದೆ, ಆದರೆ ಬಿಗಿಯಾಗಿಯೂ ಹಿಡಿಯುತ್ತದೆ. ಗಿಡ ಬಾಡಿ ನಿಂತಾಗಲೂ ಎರೆಯಲ್ಲಿ ಸಾಕಷ್ಟು ತೇವ ಉಳಿದಿರುತ್ತದೆ. ಬೇರಿಗೆ ಅದನ್ನು ಕಿತ್ತುಕೊಳ್ಳುವ ಶಕ್ತಿ ಇರುವುದಿಲ್ಲ. ಒಣಗಿದಾಗ ಈ ಮಣ್ಣು ಕುಗ್ಗಿ ಬಿರಿದು ಎಳೆಯ ಬೇರುಗಳನ್ನು ಹರಿಯುತ್ತದೆ. ಮಳೆಗಾಲದಲ್ಲಿ ಉಬ್ಬಿ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುವುದರಿಂದ, ನೀರು ನಿಂತ ಎರೆಯಲ್ಲಿ ಬೇರುಗಳಿಗೆ ಉಸಿರು ಕಟ್ಟುತ್ತದೆ. ಆದಕಾರಣ ಎರೆಯಲ್ಲಿ ಗಿಡವನ್ನು ತುಸು ಏರಿಸಿದ ದಿಬ್ಬದ ಮೇಲೆ ನೆಡುವುದು ಲೇಸು.

ಮಾನವಿಯ ಕಡೆಯ ಓದುಗರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ತುಂಗಭದ್ರಾ ಎಡದಂಡೆ ಕಾಲುವೆ ಆ ನೆಲಕ್ಕೆ ಬತ್ತವನ್ನು ತಂದಿತು. ಕೆಲವೆಡೆ ಜೌಗನ್ನೂ ಸವಳನ್ನೂ ತಂದಿತು. ಮಣ್ಣಿನ ಕಣಗಳ ನಡುವಣ ಸಂದು ಲೋಮನಾಳದಂತೆ ವರ್ತಿಸುತ್ತದೆ. ಸಂದಿನ ತ್ರಿಜ್ಯ ಮಿಲಿಮೀಟರಿನ ನೂರನೆಯ ಒಂದು ಭಾಗವಾದರೆ ನೀರು ಸುಮಾರು ಒಂದೂವರೆ ಮೀಟರ್ ಮೇಲೇರಬಲ್ಲುದು. ಮೇಲೇರಿದ ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿದ್ದ ಉಪ್ಪು ಬಿಳಿಯ ಹೊದಿಕೆಯಾಗಿ ಉಳಿಯುತ್ತದೆ. ಲೀಟರಿಗೆ ಮೂರು ಗ್ರಾಂ ಅಡಿಗೆಯುಪ್ಪು ಕರಗಿದ ನೀರಿನ ಅಭಿಸರಣ ಒತ್ತಡ ಸುಮಾರು ಎರಡೂವರೆ ವಾಯುಮಂಡಲದಷ್ಟು. ೨೫ ಮೀಟರ್ ಎತ್ತರಕ್ಕೆ ನೀರನ್ನು ಎತ್ತುವಷ್ಟು ಹೆಚ್ಚಿನ ಬಲವನ್ನು ಬೇರು ಹಾಕಬೇಕಾಗುತ್ತದೆ! ಹೊಂಗೆ, ಕಣಗಿಲೆ ಇವು ಅದನ್ನು ಬಹುಮಟ್ಟಿಗೆ ತಾಳುತ್ತವೆ. ದೇವದುರ್ಗದ ಕಡೆ ಕಲ್ಲುಬೆರೆತ ಕೆಂಪುನೆಲವಿರುವಲ್ಲಿ ತೊಂದರೆ ಇದಕ್ಕೆ ವಿರುದ್ಧ: ನೀರು ಬೇಗ ಇಂಗಿ ಹೋಗುತ್ತದೆ. ಅಲ್ಲಿ ಸೀತಾಫಲ, ಆವರಿಕೆಗಳೇ ಮೇಲು.

೫. ನೆಡಬಹುದಾದವು, ನೆಡಬಾರದವು

ಇದುವರೆಗಿನ ವಿಚಾರವನ್ನು ಒಟ್ಟುಗೂಡಿಸಿದರೆ ಆಯ್ಕೆ ಕಠಿಣವಲ್ಲ. ನೆರಳಿಗೆ ಬೇವು, ಹೊಂಗೆ. ಸ್ಥಳ ವಿಶಾಲವಾಗಿದ್ದರೆ ಹುಣಸೆ. ಹಿತ್ತಲಿಗೆ ನುಗ್ಗೆ, ಸೀತಾಫಲ, ಕರಿಬೇವು. ಹೂವಿಗೆ ಬೋಗನ್‌ವಿಲ್ಲಾ, ದೇವಕಣಗಿಲೆ, ರತ್ನಗಂಧಿ, ಆವರಿಕೆ, ನಿತ್ಯಪುಷ್ಪ. ಬೋಗನ್‌ವಿಲ್ಲಾದಲ್ಲಿ ನಾವು ಹೂವೆನ್ನುವ ಬಣ್ಣದ ಭಾಗ ವಾಸ್ತವವಾಗಿ ಮಾರ್ಪಟ್ಟ ಎಲೆ. ನಿಜವಾದ ಹೂ ಅದರ ನಡುವಿನ ಬಿಳಿಯ ಕಿರುನಾಳ. ನೀರು ಹೆಚ್ಚಾದರೆ ಅದು ಬರಿಯ ಸೊಪ್ಪಾಗಿ ಬೆಳೆಯುತ್ತದೆ. ತುಸು ಬಾಯಾರಿದಾಗಲೇ ಹೂ ಹೆಚ್ಚು. ಕುಂಡಕ್ಕೆ ಲೋಳೆಸರ. ಕಣಗಿಲೆಯ ಎಲ್ಲ ಭಾಗಗಳೂ ವಿಷವಾದುದರಿಂದ ಚಿಕ್ಕ ಮಕ್ಕಳು, ದನಕರು ಓಡಾಡುವಲ್ಲಿ ಅದನ್ನು ನೆಡಬಾರದು.

ಆರೈಕೆ ಬೇಡದ ಗಿಡವೆಲ್ಲ ಒಳ್ಳೆಯ ಗಿಡವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಬಳ್ಳಾರಿ ಜಾಲಿಯಷ್ಟು ಕಡಮೆ ಆರೈಕೆಯಲ್ಲಿ ಬದುಕುವ ಗಿಡ ಇನ್ನೊಂದಿಲ್ಲ. ಅಮೆರಿಕ ಖಂಡದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಅದು ಇಂದು ಹಳ್ಳಕೊಳ್ಳ, ಕೆರೆಯಂಗಳ, ಬೀಳುಭೂಮಿಗಳನ್ನೆಲ್ಲ ಆಕ್ರಮಿಸಿ ಸ್ಥಳೀಯ ಗಿಡಗಳಿಗೆ ಎಡೆಯಿಲ್ಲದಂತೆ ಮಾಡಿದೆ. ರಸ್ತೆಯ ಬದಿಯಲ್ಲಿ ಬೇಗನೆ ಹಸುರು ತೋರುವ ಕೋನೋಕಾರ್ಪಸ್ ಎಂಬ ಗಿಡವನ್ನು ನೆಡುವುದನ್ನು ಗುಜರಾತ್ ಸರಕಾರ ೨೦೨೩ರಲ್ಲಿ ನಿಷೇಧಿಸಿತು. ಗಿಡವು ನಮಗೆ ಕೆಲಸ ಕೊಡದಿದ್ದರೆ ಸಾಲದು. ನೆರೆಯ ಹೊಲಕ್ಕೂ ಕೆಲಸ ಕೊಡಬಾರದು.

೬. ನೆಡುವ ಕ್ರಮ

ಎಂತಹ ಗಟ್ಟಿಗಿಡಕ್ಕೂ ಮೊದಲ ಒಂದೆರಡು ವರ್ಷ ನೀರು ಬೇಕೇ ಬೇಕು. ಬೇರು ಆಳಕ್ಕೆ ಇಳಿದ ಮೇಲೆ ಮಾತ್ರ ಅದು ಸ್ವತಂತ್ರ. ಮುಂಗಾರು ನೆಲೆಗೊಂಡ ಕೂಡಲೆ ನೆಟ್ಟರೆ ಸೆಪ್ಟೆಂಬರಿನವರೆಗಿನ ಮಳೆ ಈ ಕೆಲಸದಲ್ಲಿ ನೆರವಾಗುತ್ತದೆ. ದಿನವೂ ಒಂದು ತಂಬಿಗೆ ನೀರೆರೆಯುವುದಕ್ಕಿಂತ ವಾರಕ್ಕೊಮ್ಮೆ ಒಂದೆರಡು ಕೊಡ ನಿಧಾನವಾಗಿ ಉಣಿಸುವುದು ಮೇಲು. ಮೇಲ್ಪದರ ಮಾತ್ರ ತೊಯ್ದರೆ ಬೇರು ಮೇಲೆಯೇ ಉಳಿಯುತ್ತದೆ. ಮೆರುಗು ಕೊಡದ ಮಣ್ಣಿನ ಗಡಿಗೆಯನ್ನು ಸಸಿಯ ಪಕ್ಕದಲ್ಲಿ ಕುತ್ತಿಗೆಯವರೆಗೆ ಹೂತು ನೀರು ತುಂಬಿ ಮುಚ್ಚಿಟ್ಟರೆ, ಮಣ್ಣು ಒಣಗಿದಷ್ಟೂ ಗಡಿಗೆಯಿಂದ ನೀರು ತಾನಾಗಿ ಜಿನುಗುತ್ತದೆ.

ಬುಡಕ್ಕೆ ಒಣ ಎಲೆಗಳ ಹೊದಿಕೆಯನ್ನು ಹಾಸಬೇಕು. ನಮ್ಮ ರೈತರು ಎರೆಹೊಲದಲ್ಲಿ ಎಡೆಕುಂಟೆ ಹೊಡೆಯುವುದನ್ನು ನೀವು ನೋಡಿರಬಹುದು. ಕಳೆ ತೆಗೆಯುವುದಷ್ಟೇ ಅದರ ಫಲವಲ್ಲ. ಸಡಿಲಗೊಂಡ ಪುಡಿಮಣ್ಣು ಬಿರುಕುಗಳನ್ನು ತುಂಬುತ್ತದೆ, ಲೋಮನಾಳಗಳನ್ನು ಕಡಿಯುತ್ತದೆ; ಕೆಳಗಿನ ತೇವ ಮೇಲೇರುವ ದಾರಿ ತಪ್ಪುತ್ತದೆ. ತೋಟದಲ್ಲಿ ಕಳೆಗುದ್ದಲಿಯಿಂದ ನಾವು ಮಾಡಬೇಕಾದುದೂ ಅದನ್ನೇ.

ನಮ್ಮ ಅಂಗಳದಲ್ಲಿ ಈಗ ಹುಲ್ಲುಹಾಸಿಲ್ಲ. ಅಂದು ಬದುಕುಳಿದ ಬೇವು ಮಹಡಿಯೆತ್ತರಕ್ಕೆ ಬೆಳೆದಿದೆ. ಸುತ್ತ ಹೊಂಗೆ, ರತ್ನಗಂಧಿ, ದೇವಕಣಗಿಲೆಗಳಿವೆ. ರಜೆಗೆ ಹೋಗುವಾಗ ಕಾವಲುಗಾರರಿಗೆ ನಾವು ಹೇಳಿಹೋಗುವುದು ಹೊಸ ಸಸಿಗಳ ನಾಲ್ಕಾರು ಗಡಿಗೆಗಳ ವಿಷಯ ಮಾತ್ರ. ಬೇಸಗೆಯ ಮಧ್ಯಾಹ್ನ ಅವರು ಕುರ್ಚಿ ಹಾಕಿಕೊಳ್ಳುವುದು ಆ ಬೇವಿನ ಅಡಿಯಲ್ಲಿಯೇ.

ವಿದ್ಯಾರ್ಥಿಗಳು ಸ್ವತಃ ಮಾಡಿ ನೋಡಬಹುದಾದ ಪ್ರಯೋಗವೊಂದಿದೆ. ಒಂದೇ ಅಳತೆಯ ಎರಡು ಕುಂಡಗಳಲ್ಲಿ ಒಂದು ದಾಸವಾಳ, ಒಂದು ಲೋಳೆಸರ ಬೆಳೆದಿರಲಿ. ನೀರುಣಿಸಿ, ಕುಂಡವನ್ನೂ ಮಣ್ಣಿನ ಮೇಲ್ಮೈಯನ್ನೂ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಕಟ್ಟಿ, ಗಿಡ ಮಾತ್ರ ಹೊರಗಿರುವಂತೆ ಮಾಡಿರಿ. ಮೂರು ದಿನ ಮುಂಜಾನೆಯೂ ಸಂಜೆಯೂ ತೂಗಿರಿ. ಕಡಮೆಯಾದ ತೂಕವೇ ಎಲೆಗಳಿಂದ ಹೋದ ನೀರು. ಹಗಲಿನಲ್ಲಿ ಹೋದುದೆಷ್ಟು, ರಾತ್ರಿಯಲ್ಲಿ ಹೋದುದೆಷ್ಟು ಎಂದು ಬೇರೆಬೇರೆ ಬರೆದಿಡಿರಿ. ಬಳಿಕ, ಬರುವ ಮೇ ತಿಂಗಳಿನಲ್ಲಿ ನಿಮ್ಮ ಓಣಿಯಲ್ಲಿ ಯಾರೂ ನೀರೆರೆಯದೆ ಹಸುರಾಗಿ ನಿಂತಿರುವ ಗಿಡಗಳ ಪಟ್ಟಿಯೊಂದನ್ನು ಮಾಡಿರಿ. ಬಳ್ಳಾರಿ ಜಾಲಿಯೊಂದನ್ನು ಅದರಿಂದ ಹೊಡೆದುಹಾಕಿರಿ. ಉಳಿದವುಗಳಲ್ಲಿ ನಿಮ್ಮ ಅಂಗಳಕ್ಕೆ ಒಪ್ಪುವುದನ್ನು ಆರಿಸಿಕೊಂಡು, ಮುಂಗಾರು ಬಂದ ವಾರದಲ್ಲಿಯೇ ಗುಂಡಿ ತೋಡಿರಿ.